ಸಮುದ್ರಕ್ಕೆ ಹೊಸಬರಾದ ರೋಮನ್ನರು ಹಡಗುಪಡೆ ಕಟ್ಟಿದ್ದು ಹೇಗೆ?

2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ಭಾರತೀಯ ನೌಕಾಪಡೆ ಒಂದು ಅಪರೂಪದ ಹಡಗನ್ನು ಸೇರಿಸಿಕೊಂಡಿತು. ‘ಕೌಂಡಿನ್ಯ’ ಎಂಬ ಈ ಹಾಯಿಹಡಗಿನ ಹಲಗೆಗಳನ್ನು ಮೊಳೆ ಹೊಡೆದು ಜೋಡಿಸಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಕಟ್ಟಿದವರ ಕೈಯಲ್ಲಿ ಹಳೆಯ ನಕ್ಷೆ ಇರಲಿಲ್ಲ. ಇದ್ದದ್ದು ಅಜಂತಾ ಗುಹೆಯ ಐದನೇ ಶತಮಾನದ ಒಂದು ಚಿತ್ರ, ಜೊತೆಗೆ ಹೊಲಿಗೆ ದೋಣಿ ಬಲ್ಲ ಕೇರಳದ ಕುಶಲಕರ್ಮಿಗಳ ಅನುಭವ. ಸುದ್ದಿ ಓದಿದ ಅನೇಕರು ಕೇಳಿದ್ದು ಒಂದೇ: ನಕ್ಷೆಯೇ ಇಲ್ಲದೆ ಬರೀ ನೋಡಿಕೊಂಡು ಹಡಗು ಕಟ್ಟಲು ಆಗುತ್ತದೆಯೇ?

ಸುಮಾರು 2,285 ವರ್ಷಗಳ ಹಿಂದೆ ಒಂದು ಇಡೀ ರಾಜ್ಯ ಇದೇ ಕೆಲಸಕ್ಕೆ ಕೈ ಹಾಕಿತ್ತು. ಅದು ರೋಮ್. ಮಾದರಿಯಾಗಿ ಸಿಕ್ಕಿದ್ದು ಶತ್ರುವಿನ ಒಂದು ಹಡಗು, ಕಟ್ಟಬೇಕಾಗಿದ್ದದ್ದು ನೂರಕ್ಕೂ ಹೆಚ್ಚು. ‘ರೋಮನ್ನರು ಅರವತ್ತು ದಿನದಲ್ಲಿ ನೌಕಾಪಡೆ ಕಟ್ಟಿ ಗೆದ್ದರು’ ಎಂದು ಈ ಕಥೆಯನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದು ರೂಢಿ. ಕಟ್ಟಿದ್ದು ಬೇಗ, ಅದು ನಿಜ. ಸಮುದ್ರವನ್ನು ಕಲಿಯಲು ಮಾತ್ರ ಅವರಿಗೆ ಇಪ್ಪತ್ತು ವರ್ಷ ಹಿಡಿಯಿತು.

(ಇಲ್ಲಿ ಬರುವ ಮೂರಂಕಿಯ ಇಸವಿಗಳೆಲ್ಲ ಕ್ರಿಸ್ತಪೂರ್ವ. ಆದ್ದರಿಂದ 264 ಮೊದಲು, 241 ಆಮೇಲೆ.)

ರೋಮಿಗೆ ಹಡಗು ಯಾಕೆ ಬೇಕಾಯಿತು?

264ರ ಹೊತ್ತಿಗೆ ಇಟಲಿಯ ಹೆಚ್ಚಿನ ಭಾಗ ರೋಮಿನ ಹಿಡಿತಕ್ಕೆ ಬಂದಿತ್ತು. ಅದರ ಬಲವೆಲ್ಲ ನೆಲದ ಮೇಲಿನದು, ಕಾಲಾಳುಗಳದು. ಎದುರು ದಡದಲ್ಲಿ, ಇಂದಿನ ಟುನೀಷಿಯಾದಲ್ಲಿ, ಕಾರ್ಥೇಜ್ ಎಂಬ ಶ್ರೀಮಂತ ವ್ಯಾಪಾರಿ ನಗರವಿತ್ತು. ಪಶ್ಚಿಮ ಮೆಡಿಟರೇನಿಯನ್ ಸಮುದ್ರದಲ್ಲಿ ಅದರ ಮಾತೇ ನಡೆಯುತ್ತಿತ್ತು. ಇವೆರಡರ ನಡುವೆ ಇದ್ದದ್ದು ಸಿಸಿಲಿ ದ್ವೀಪ.

ಸಿಸಿಲಿಯ ತುದಿಯ ಮೆಸ್ಸಾನಾ ಪಟ್ಟಣದ ಜಗಳದಲ್ಲಿ ರೋಮ್ ತಲೆಹಾಕಿತು. ಅಲ್ಲಿಂದ ಶುರುವಾದದ್ದು ಮೊದಲನೇ ಪ್ಯೂನಿಕ್ ಯುದ್ಧ. ‘ಪ್ಯೂನಿಕ್’ ಎಂದರೆ ಕಾರ್ಥೇಜಿನವರಿಗೆ ಸಂಬಂಧಿಸಿದ್ದು. ನೆಲದ ಮೇಲೆ ರೋಮ್ ಗೆಲ್ಲುತ್ತಾ ಹೋಯಿತು. ಸಿಸಿಲಿಯ ಒಳನಾಡಿನ ಊರುಗಳು ಒಂದೊಂದಾಗಿ ಅದರ ಕಡೆ ವಾಲಿದವು. ಆದರೆ ಕರಾವಳಿಯ ಊರುಗಳು ಕಾರ್ಥೇಜಿನ ಹಡಗುಗಳಿಗೆ ಹೆದರಿ ತಿರುಗಿ ಬಿದ್ದವು. ಅವೇ ಹಡಗುಗಳು ಇಟಲಿಯ ದಡಕ್ಕೂ ಬಂದು ಲೂಟಿ ಮಾಡಿಕೊಂಡು ಹೋಗುತ್ತಿದ್ದವು. ಬಂದರನ್ನು ಎಷ್ಟೇ ದಿನ ಮುತ್ತಿಗೆ ಹಾಕಿದರೂ ಸಮುದ್ರದ ಕಡೆಯಿಂದ ಅಕ್ಕಿಬೇಳೆ ಬರುತ್ತಿದ್ದರೆ ಆ ಮುತ್ತಿಗೆಗೆ ಅರ್ಥವಿಲ್ಲ. ಸಿಸಿಲಿ ಬೇಕಿದ್ದರೆ ಹಡಗು ಬೇಕು ಎನ್ನುವುದು 261ರ ಹೊತ್ತಿಗೆ ರೋಮಿಗೆ ಖಚಿತವಾಯಿತು.

ನಿಜಕ್ಕೂ ಅವರಿಗೆ ಏನೂ ಗೊತ್ತಿರಲಿಲ್ಲವೇ?

ಈ ಯುದ್ಧದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನದು ಪಾಲಿಬಿಯಸ್ ಎಂಬ ಗ್ರೀಕ್ ಇತಿಹಾಸಕಾರ ಬರೆದದ್ದು. ಆತ ಬರೆದದ್ದು ಘಟನೆ ನಡೆದು ಸುಮಾರು ನೂರು ವರ್ಷದ ಮೇಲೆ. ರೋಮನ್ನರ ಛಲಕ್ಕೆ ಬೆರಗಾದವನು ಅವನು. ಹಾಗಾಗಿ ‘ಸಮುದ್ರದ ಯೋಚನೆಯನ್ನೇ ಮಾಡದಿದ್ದವರು ಎದ್ದು ನಿಂತರು’ ಎಂಬ ಅವನ ಚಿತ್ರದಲ್ಲಿ ಬಣ್ಣ ಸ್ವಲ್ಪ ಹೆಚ್ಚಾಗಿದೆ ಎಂದೇ ಇಂದಿನ ಬಹುತೇಕ ವಿದ್ವಾಂಸರ ಅಭಿಪ್ರಾಯ.

ಕಾರಣವಿದೆ. 338ರಲ್ಲೇ ರೋಮನ್ನರು ಆಂಟಿಯಮ್ ಎಂಬ ಕರಾವಳಿ ಊರಿನ ಹಡಗುಗಳನ್ನು ವಶಪಡಿಸಿಕೊಂಡು, ಅವುಗಳ ಮೂತಿಗಳನ್ನು ಕಿತ್ತು ತಂದು ತಮ್ಮ ನಗರದ ಭಾಷಣ ವೇದಿಕೆಗೆ ಸಿಕ್ಕಿಸಿದ್ದರು. 311ರಲ್ಲಿ ಹಡಗುಗಳ ಉಸ್ತುವಾರಿಗೆಂದೇ ಇಬ್ಬರು ಅಧಿಕಾರಿಗಳನ್ನು ನೇಮಿಸಿದ್ದರು. ಅಂದರೆ ಸಣ್ಣದೊಂದು ಪಡೆ ಇತ್ತು, ದೊಡ್ಡದಿರಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು ನೆಂಟಸ್ತಿಕೆ. ದಕ್ಷಿಣ ಇಟಲಿಯ ನಿಯಾಪೊಲಿಸ್ (ಇಂದಿನ ನೇಪಲ್ಸ್), ಟ್ಯಾರೆಂಟಮ್, ಲೋಕ್ರಿ, ಎಲಿಯಾ ಮುಂತಾದ ಊರುಗಳು ಮೂಲದಲ್ಲಿ ಗ್ರೀಕರು ಕಟ್ಟಿದ ಬಂದರುಗಳು. ಶತಮಾನಗಳಿಂದ ಹಡಗು ಕಟ್ಟಿ, ನಡೆಸಿ ಬಂದವರು ಅಲ್ಲಿದ್ದರು. ಈ ಊರುಗಳೆಲ್ಲ ಆಗ ರೋಮಿಗೆ ಅಧೀನ ಮಿತ್ರರು. 264ರಲ್ಲಿ ಸೈನ್ಯವನ್ನು ಸಿಸಿಲಿಗೆ ದಾಟಿಸಲು ರೋಮ್ ಇವರಿಂದಲೇ ಹಡಗುಗಳನ್ನು ಎರವಲು ಪಡೆದಿತ್ತು. ಮರಗೆಲಸದವರಾಗಲಿ ಚುಕ್ಕಾಣಿ ಹಿಡಿಯುವವರಾಗಲಿ ಹೊಸದಾಗಿ ಹುಟ್ಟಿಬರಬೇಕಿರಲಿಲ್ಲ. ರೋಮ್ ಒದಗಿಸಿದ್ದು ಹಣ, ಮರ, ಆಳು ಮತ್ತು ಆಜ್ಞೆ.

ಆದರೂ ಒಂದು ಕೊರತೆ ಉಳಿದಿತ್ತು. ಕಾರ್ಥೇಜಿನ ಯುದ್ಧಹಡಗು ಕ್ವಿಂಕ್ವೆರೀಮ್ ಎಂಬ ದೊಡ್ಡ ಜಾತಿಯದು. ಅದನ್ನು ಕಟ್ಟಿದ ಅನುಭವ ಇಟಲಿಯಲ್ಲಿ ಯಾರಿಗೂ ಇರಲಿಲ್ಲ ಎನ್ನುತ್ತಾನೆ ಪಾಲಿಬಿಯಸ್.

ದಡಕ್ಕೆ ಸಿಕ್ಕಿಬಿದ್ದ ಹಡಗು

ಮೆಸ್ಸಾನಾ ಜಲಸಂಧಿಯಲ್ಲಿ ರೋಮನ್ನರು ದಾಟುವಾಗ ಅವರನ್ನು ತಡೆಯಲು ಬಂದ ಕಾರ್ಥೇಜಿನ ಹಡಗೊಂದು ಆತುರದಲ್ಲಿ ತೀರ ಮುಂದೆ ನುಗ್ಗಿ ನೆಲ ಹತ್ತಿ ಕೂತಿತು. ರೋಮನ್ನರು ಅದನ್ನು ಹಿಡಿದಿಟ್ಟುಕೊಂಡರು. ಇದನ್ನೇ ಮಾದರಿಯಾಗಿಟ್ಟುಕೊಂಡು 100 ಕ್ವಿಂಕ್ವೆರೀಮ್‌ಗಳನ್ನೂ, ಅದಕ್ಕಿಂತ ಚಿಕ್ಕದಾದ 20 ಟ್ರೈರೀಮ್‌ಗಳನ್ನೂ ಕಟ್ಟಲು ತೀರ್ಮಾನಿಸಿದರು. ಮರ ಕಡಿದಂದಿನಿಂದ ಅರವತ್ತು ದಿನದೊಳಗೆ ಹಡಗುಗಳು ನೀರಿಗಿಳಿದವು ಎಂದು ಮುನ್ನೂರು ವರ್ಷದ ನಂತರ ಪ್ಲಿನಿ ಎಂಬ ರೋಮನ್ ಲೇಖಕ ಬರೆದ.

ಒಂದನ್ನು ನೋಡಿ ನೂರು ಕಟ್ಟುವುದು ಸಾಧ್ಯವೇ ಎಂದು ತಿಳಿಯಲು ಆ ಕಾಲದ ಹಡಗು ಕಟ್ಟುವ ಕ್ರಮ ಗೊತ್ತಿರಬೇಕು. ಈಗಿನ ಮರದ ದೋಣಿಗೆ ಸಾಮಾನ್ಯವಾಗಿ ಮೊದಲು ಪಕ್ಕೆಲುಬಿನಂಥ ಚೌಕಟ್ಟು ನಿಲ್ಲಿಸಿ ಆಮೇಲೆ ಹಲಗೆ ಹೊದಿಸುತ್ತಾರೆ. ಮೆಡಿಟರೇನಿಯನ್ನಿನ ಹಳೆಯ ಕ್ರಮ ತಿರುಗುಮುರುಗು. ಮೊದಲು ಅಡಿಮರ ಇಟ್ಟು, ಅದರ ಎರಡೂ ಬದಿಗೆ ಹಲಗೆಯ ಅಂಚಿಗೆ ಹಲಗೆಯ ಅಂಚು ಕೂಡಿಸುತ್ತಾ ಹೊರಚಿಪ್ಪನ್ನೇ ಎಬ್ಬಿಸುತ್ತಿದ್ದರು. ಪ್ರತಿ ಹಲಗೆಯ ದಪ್ಪದಲ್ಲಿ ಸಾಲಾಗಿ ಸಣ್ಣ ಗೂಡುಗಳನ್ನು ಕೊರೆಯುವುದು, ಅದರೊಳಗೆ ಗಟ್ಟಿಮರದ ಚಪ್ಪಟೆ ನಾಲಗೆ ಕೂರಿಸುವುದು, ಮೇಲಿನ ಹಲಗೆಯ ಗೂಡಿಗೆ ಆ ನಾಲಗೆಯ ಇನ್ನೊಂದು ತುದಿ ಹೊಗಿಸಿ ಬಡಿಯುವುದು, ಕೊನೆಗೆ ಅಡ್ಡಲಾಗಿ ಮರದ ಗೂಟ ಹೊಡೆದು ಅಲುಗಾಡದಂತೆ ಬಿಗಿಯುವುದು. ಒಂದು ಹಡಗಿಗೆ ಇಂಥ ಸಾವಿರಾರು ಬೆಸುಗೆಗಳು. ಒಳಗಿನ ಪಕ್ಕೆಲುಬು ಆಮೇಲಿನ ಮಾತು. ಇದು ನಾಜೂಕಿನ ಕೆಲಸ, ಅರವತ್ತು ದಿನದ ಕೆಲಸದಂತೆ ಕಾಣುವುದಿಲ್ಲ.

ಗುಟ್ಟು 1971ರ ಸುಮಾರಿಗೆ ಸಿಸಿಲಿಯ ಮಾರ್ಸಾಲಾ ಊರಿನ ಬಳಿ ಸಮುದ್ರದಲ್ಲಿ ಸಿಕ್ಕಿತು. ಆನರ್ ಫ್ರಾಸ್ಟ್ ಎಂಬ ಪುರಾತತ್ವಜ್ಞೆಯ ತಂಡ ಮರಳಿನಡಿಯಿಂದ ಮೇಲೆತ್ತಿದ್ದು ಇದೇ ಕಾಲದ ಕಾರ್ಥೇಜಿನ ಹಡಗಿನ ಹಿಂಭಾಗ. ಅದರ ಮರದ ತುಂಡುಗಳ ಮೇಲೆ ಪ್ಯೂನಿಕ್ ಅಕ್ಷರಗಳನ್ನೂ ಗುರುತುಗಳನ್ನೂ ಬಣ್ಣದಲ್ಲಿ ಬರೆದಿದ್ದರು. ಯಾವ ತುಂಡು ಎಲ್ಲಿಗೆ ಸೇರಬೇಕು ಎಂಬ ಬಡಗಿಯ ಗುರುತು ಅದು. ಮಲೆನಾಡಿನಲ್ಲಿ ಹಳೆಯ ಮನೆ ಬಿಚ್ಚಿ ಬೇರೆ ಕಡೆ ಕಟ್ಟುವವರು ಕಂಬ, ತೊಲೆ, ಜಂತಿಗಳಿಗೆ ನಂಬರ್ ಬರೆದಿಟ್ಟುಕೊಳ್ಳುವುದಿಲ್ಲವೇ, ಹಾಗೆ. ತುಂಡುಗಳನ್ನು ಅಳತೆಗೆ ತಕ್ಕಂತೆ ಮೊದಲೇ ಕೊಯ್ದಿಟ್ಟು ಆಮೇಲೆ ಜೋಡಿಸುವ ಪದ್ಧತಿ ಕಾರ್ಥೇಜಿನಲ್ಲಿತ್ತು ಎಂದಾಯಿತು. ರೋಮನ್ನರ ಕೈಗೆ ಸಿಕ್ಕ ಹಡಗಿನಲ್ಲೂ ಇಂಥ ಗುರುತುಗಳಿದ್ದಿದ್ದರೆ, ಅದನ್ನು ಬಿಚ್ಚಿದವರಿಗೆ ನಕ್ಷೆಯೇ ಸಿಕ್ಕಂತೆ. ಇದು ಊಹೆ ಹೌದು, ಆದರೆ ಅರವತ್ತು ದಿನದ ಲೆಕ್ಕವನ್ನು ನಂಬುವಂತೆ ಮಾಡುವ ಊಹೆ.

ಆತುರದ ಬೆಲೆಯನ್ನು ತೆರಲೇಬೇಕಾಯಿತು. ಒಣಗದ ಹಸಿಮರದ ಹಡಗು ಭಾರ. ಈ ಮೊದಲ ಹಡಗುಗಳು ಒಡ್ಡೊಡ್ಡಾಗಿದ್ದವು, ಬೇಗ ಚಲಿಸುತ್ತಿರಲಿಲ್ಲ ಎಂದು ಪಾಲಿಬಿಯಸ್ಸೇ ಒಪ್ಪಿಕೊಳ್ಳುತ್ತಾನೆ.

‘ಐದು’ ಎಂದರೆ ಏನು?

ಟ್ರೈರೀಮ್ ಎಂಬುದರಲ್ಲಿ ಮೂರು ಇದೆ, ಕ್ವಿಂಕ್ವೆರೀಮ್‌ನಲ್ಲಿ ಐದು. ಐದು ಅಂತಸ್ತಿನ ಹುಟ್ಟುಗಳು ಎಂದು ಅನೇಕರು ತಿಳಿಯುತ್ತಾರೆ. ಅಷ್ಟು ಎತ್ತರಿಸಿದರೆ ಹಡಗು ಮಗುಚುತ್ತದೆ. ಲೆಕ್ಕ ಆಳುಗಳದು. ಟ್ರೈರೀಮ್‌ನಲ್ಲಿ ಒಂದರ ಮೇಲೊಂದು ಮೂರು ಹುಟ್ಟು, ಪ್ರತಿ ಹುಟ್ಟಿಗೆ ಒಬ್ಬ. ಕ್ವಿಂಕ್ವೆರೀಮ್‌ನಲ್ಲೂ ಮೂರೇ ಅಂತಸ್ತು. ಮೇಲಿನ ಎರಡು ಹುಟ್ಟುಗಳಿಗೆ ಇಬ್ಬಿಬ್ಬರು, ಕೆಳಗಿನದಕ್ಕೆ ಒಬ್ಬ, ಒಟ್ಟು ಐವರು. ಈಗ ಹೆಚ್ಚಿನ ವಿದ್ವಾಂಸರು ಒಪ್ಪುವ ಲೆಕ್ಕವಿದು.

ಹೊಸಬರಿಗೆ ಇದರಲ್ಲೊಂದು ಅನುಕೂಲವಿದೆ. ಇಬ್ಬರು ಹಿಡಿಯುವ ಹುಟ್ಟಿನಲ್ಲಿ ಒಬ್ಬ ನುರಿತವನಿದ್ದರೆ ಸಾಕು, ಇನ್ನೊಬ್ಬ ಬರೀ ಬಲ ಹಾಕಿದರೂ ಕೆಲಸ ನಡೆಯುತ್ತದೆ. ಹಡಗು ಅಗಲವಾಗಿರುವುದರಿಂದ ಮೇಲೆ ಸೈನಿಕರಿಗೂ ಜಾಗ ಹೆಚ್ಚು.

ಆದರೂ ಒಂದು ಹಡಗಿಗೆ 300 ಜನ ಹುಟ್ಟು ಹಾಕುವವರು ಬೇಕು. ಅಂದರೆ ಪಡೆಗೆ ಸುಮಾರು 30,000 ಜನ. ಸಿನಿಮಾಗಳಲ್ಲಿ ತೋರಿಸುವಂತೆ ಇವರು ಸರಪಳಿ ಬಿಗಿದ ಗುಲಾಮರಲ್ಲ. ಹೆಚ್ಚಿನವರು ರೋಮಿನ ಬಡ ಪ್ರಜೆಗಳು, ಮಿತ್ರ ಊರುಗಳ ಜನ. ಹಡಗು ಸಿದ್ಧವಾಗುವ ತನಕ ಇವರನ್ನು ಸುಮ್ಮನೆ ಕೂರಿಸುವಂತಿಲ್ಲ. ಅದಕ್ಕೆ ರೋಮನ್ನರು ಕಂಡುಕೊಂಡ ಉಪಾಯವನ್ನು ಪಾಲಿಬಿಯಸ್ ವಿವರವಾಗಿ ಹೇಳಿದ್ದಾನೆ. ದಡದ ಮೇಲೆ, ಒಣನೆಲದಲ್ಲಿ, ಹಡಗಿನಲ್ಲಿರುವ ಕ್ರಮದಲ್ಲೇ ಬೆಂಚುಗಳನ್ನು ಜೋಡಿಸಿದರು. ನಡುವೆ ಲಯ ಹೇಳುವವನನ್ನು ನಿಲ್ಲಿಸಿದರು. ಅವನ ಕೂಗಿಗೆ ಎಲ್ಲರೂ ಒಟ್ಟಿಗೆ ಕೈಗಳನ್ನು ಎದೆಗೆಳೆದುಕೊಂಡು ಹಿಂದಕ್ಕೆ ವಾಲಬೇಕು, ಒಟ್ಟಿಗೆ ಕೈ ಚಾಚಿ ಮುಂದಕ್ಕೆ ಬಾಗಬೇಕು, ಅವನು ನಿಲ್ಲಿಸು ಎಂದಾಗ ಒಟ್ಟಿಗೆ ನಿಲ್ಲಬೇಕು.

ಓದುವಾಗ ನಗು ಬರುತ್ತದೆ, ಆದರೆ ಪಾಠ ಸರಿಯಾದದ್ದೇ. ಗ್ರೀಸಿನಲ್ಲಿ 1987ರಲ್ಲಿ ‘ಒಲಿಂಪಿಯಾಸ್’ ಎಂಬ ಟ್ರೈರೀಮ್ ಪ್ರತಿಕೃತಿಯನ್ನು ನೀರಿಗಿಳಿಸಿ 170 ಹುಟ್ಟುಗಳಿಗೆ ಸ್ವಯಂಸೇವಕರನ್ನು ಕೂರಿಸಿದಾಗ ಎದ್ದು ಕಂಡದ್ದು ಇದೇ ತೊಡಕು: ಬಲಕ್ಕಿಂತ ಲಯ ಕಷ್ಟ. ಒಬ್ಬ ತಪ್ಪಿದರೆ ಅವನ ಹುಟ್ಟು ಪಕ್ಕದವನದಕ್ಕೆ ಬಡಿದು ಸಾಲೇ ಕೆಡುತ್ತದೆ. ಲಯವನ್ನು ನೆಲದ ಮೇಲೂ ಕಲಿಸಬಹುದು. ಅಲೆ, ಗಾಳಿ, ಸೆಳೆತವನ್ನು ಕಲಿಸಲಾಗದು.

ಗೊತ್ತಿಲ್ಲದ ಯುದ್ಧವನ್ನು ಗೊತ್ತಿರುವ ಯುದ್ಧ ಮಾಡಿದ್ದು

ಆ ಕಾಲದ ಯುದ್ಧಹಡಗಿನ ಮುಖ್ಯ ಆಯುಧ ಅದರ ಮೂತಿ. ನೀರಿನ ಮಟ್ಟದಲ್ಲಿ ಮುಂದಕ್ಕೆ ಚಾಚಿದ, ಕಂಚಿನಲ್ಲಿ ಎರಕ ಹೊಯ್ದ ದಪ್ಪ ಕವಚ ಅದು. ನುರಿತ ನಾವಿಕರು ಶತ್ರುವಿನ ಸಾಲಿನ ಸಂದಿಯಲ್ಲಿ ನುಗ್ಗಿ, ಆಚೆ ಹೋಗಿ, ಥಟ್ಟನೆ ತಿರುಗಿ, ಎದುರಾಳಿಯ ಪಕ್ಕೆಗೋ ಹಿಂಬದಿಗೋ ಗುದ್ದುತ್ತಿದ್ದರು. ಆಮೇಲೆ ತಡಮಾಡದೆ ಹಿಂದಕ್ಕೆ ಸರಿಯಬೇಕು, ಇಲ್ಲದಿದ್ದರೆ ಎರಡೂ ಹಡಗು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಇದಕ್ಕೆ ವೇಗದ ಹಡಗು, ವರ್ಷಗಟ್ಟಲೆಯ ಅಭ್ಯಾಸ ಎರಡೂ ಬೇಕು. ರೋಮಿನ ಬಳಿ ಎರಡೂ ಇರಲಿಲ್ಲ.

ಮೊದಲ ಪ್ರಯತ್ನವೇ ಮುಗ್ಗರಿಸಿತು. 260ರಲ್ಲಿ ಕಾನ್ಸುಲ್ ಆಗಿದ್ದ ಗ್ನೇಯಸ್ ಕಾರ್ನೇಲಿಯಸ್ ಸಿಪಿಯೊ 17 ಹಡಗುಗಳೊಂದಿಗೆ ಲಿಪಾರಾ ದ್ವೀಪದ ಬಂದರಿಗೆ ಹೋಗಿ ಸಿಕ್ಕಿಬಿದ್ದ. (ಕಾನ್ಸುಲ್ ಎಂದರೆ ವರ್ಷಕ್ಕೆ ಇಬ್ಬರಂತೆ ಆಯ್ಕೆಯಾಗುವ, ಸೈನ್ಯವನ್ನೂ ನಡೆಸುವ ಅತ್ಯುನ್ನತ ಅಧಿಕಾರಿ.) ನಾವಿಕರು ಹಡಗು ಬಿಟ್ಟು ದಡಕ್ಕೆ ಓಡಿದರು, ಕಾನ್ಸುಲ್ ಸೆರೆಯಾದ. ಇತಿಹಾಸದಲ್ಲಿ ಅವನಿಗೆ ಅಂಟಿಕೊಂಡಿರುವ ಅಡ್ಡಹೆಸರು ‘ಅಸಿನಾ’, ಹೆಣ್ಣುಕತ್ತೆ.

ಉಳಿದ ಪಡೆ ಇನ್ನೊಬ್ಬ ಕಾನ್ಸುಲ್ ಗಾಯಸ್ ಡುಯಿಲಿಯಸ್ ಕೈಗೆ ಬಂತು. ಹಡಗುಗಳ ಜಡತನಕ್ಕೆ ಪರಿಹಾರವಾಗಿ ಯಾರೋ ಒಬ್ಬರು ಒಂದು ಸಾಧನ ಸೂಚಿಸಿದರು. ಯಾರೆಂದು ಪಾಲಿಬಿಯಸ್ ಹೇಳುವುದಿಲ್ಲ. ಸಾಧನದ ಹೆಸರು ‘ಕಾಗೆ’, ಲ್ಯಾಟಿನ್ನಿನಲ್ಲಿ ಕಾರ್ವಸ್. ಹಡಗಿನ ಮುಂಭಾಗದಲ್ಲಿ ಸುಮಾರು 24 ಅಡಿ ಎತ್ತರದ ಕಂಬ, ತುದಿಯಲ್ಲಿ ರಾಟೆ. ಕಂಬಕ್ಕೆ ಸೇರಿಸಿದ್ದು 36 ಅಡಿ ಉದ್ದ, 4 ಅಡಿ ಅಗಲದ ಹಲಗೆಯ ಸೇತುವೆ, ಎರಡೂ ಬದಿಗೆ ಮೊಣಕಾಲೆತ್ತರದ ಕಟಕಟೆ. ಸೇತುವೆಯ ಮುಂತುದಿಯ ಅಡಿಯಲ್ಲಿ ಒನಕೆಯಂಥ ಚೂಪು ಕಬ್ಬಿಣ. ಹಗ್ಗ ಎಳೆದು ಸೇತುವೆಯನ್ನು ಎತ್ತಿ ಹಿಡಿದಿರುತ್ತಾರೆ. ಶತ್ರುವಿನ ಹಡಗು ಹತ್ತಿರ ಬಂದೊಡನೆ ಬಿಟ್ಟುಬಿಡುತ್ತಾರೆ. ಕಬ್ಬಿಣ ಎದುರಿನ ಹಡಗಿನ ಅಟ್ಟಕ್ಕೆ ನಾಟಿಕೊಳ್ಳುತ್ತದೆ, ಎರಡು ಹಡಗುಗಳು ಬೆಸೆದುಹೋಗುತ್ತವೆ. ಸೈನಿಕರು ಇಬ್ಬಿಬ್ಬರಾಗಿ ದಾಟುತ್ತಾರೆ. ಮುಂದಿನ ಜೋಡಿ ಗುರಾಣಿಯನ್ನು ಎದುರಿಗೆ ಹಿಡಿದರೆ, ಹಿಂದಿನವರು ಗುರಾಣಿಯ ಅಂಚನ್ನು ಕಟಕಟೆಯ ಮೇಲೆ ಊರಿಕೊಂಡು ಪಕ್ಕಗಳನ್ನು ಕಾಯುತ್ತಾರೆ.

ಅಲ್ಲಿಂದ ಮುಂದೆ ಅದು ಹಡಗಿನ ಯುದ್ಧವೇ ಅಲ್ಲ, ನೆಲದ ಮೇಲಿನ ಕೈಕೈ ಕಾಳಗ. ಅದರಲ್ಲಿ ರೋಮನ್ನರನ್ನು ಮೀರಿಸುವವರು ಕಡಿಮೆ.

ಅದೇ ವರ್ಷ ಮೈಲೇ ಎಂಬಲ್ಲಿ ಕಾರ್ಥೇಜಿನ 130 ಹಡಗುಗಳು ಎದುರಾದವು. ನಾಯಕನ ಹೆಸರು ಹ್ಯಾನಿಬಲ್. (ಆನೆಗಳೊಂದಿಗೆ ಆಲ್ಪ್ಸ್ ದಾಟಿದವನಲ್ಲ, ಅಲ್ಲಿ ಆ ಹೆಸರು ಬಹಳ ಸಾಮಾನ್ಯ.) ರೋಮನ್ನರನ್ನು ಹಗುರವಾಗಿ ಕಂಡು ಸಾಲನ್ನೂ ಕಟ್ಟದೆ ನುಗ್ಗಿದ ಮೊದಲ 30 ಹಡಗುಗಳು ಕಾಗೆಗಳಿಗೆ ಸಿಕ್ಕವು. ಒಟ್ಟು 50 ಹಡಗು ಹೋದವು, ಹ್ಯಾನಿಬಲ್ ಸಣ್ಣ ದೋಣಿಯಲ್ಲಿ ತಪ್ಪಿಸಿಕೊಂಡ. ಡುಯಿಲಿಯಸ್ಸಿಗೆ ರೋಮಿನಲ್ಲಿ ಹಡಗಿನ ಮೂತಿಗಳಿಂದ ಸಿಂಗರಿಸಿದ ಕಂಬವೊಂದನ್ನು ನಿಲ್ಲಿಸಿದರು. ರಾತ್ರಿ ಊಟ ಮುಗಿಸಿ ಮನೆಗೆ ಹೋಗುವಾಗ ಪಂಜು ಹಿಡಿಯುವವನೂ ಕೊಳಲು ಊದುವವನೂ ಅವನ ಜೊತೆ ಹೋಗುತ್ತಿದ್ದರಂತೆ.

ಗಾಳಿಯ ಮಾತು ಕೇಳದ ಸೇನಾಪತಿಗಳು

ನಾಲ್ಕೇ ವರ್ಷದಲ್ಲಿ ರೋಮ್ 330 ಹಡಗುಗಳ ಪಡೆ ಕಟ್ಟಿತು. 256ರಲ್ಲಿ ಎಕ್ನೋಮಸ್ ಬಳಿ ಕಾರ್ಥೇಜಿನ 350 ಹಡಗುಗಳನ್ನು ಸೋಲಿಸಿ ಆಫ್ರಿಕಾದ ದಡಕ್ಕೇ ಇಳಿಯಿತು. ಯುದ್ಧ ಕಲಿತಾಯಿತು ಎನಿಸಿರಬೇಕು.

ಮರುವರ್ಷ ಆಫ್ರಿಕಾದಿಂದ ವಾಪಸು ಬರುವಾಗ ಪಡೆ ಸಿಸಿಲಿಯ ದಕ್ಷಿಣ ದಡದ ಕಡೆ ಹೊರಟಿತು. ಚುಕ್ಕಾಣಿಗರು ಬೇಡವೆಂದರು. ಆ ದಡದಲ್ಲಿ ಹಡಗು ನಿಲ್ಲಿಸಲು ಸುರಕ್ಷಿತ ಜಾಗಗಳು ಕಡಿಮೆ. ಮೇಲಾಗಿ ಅದು ಮಹಾವ್ಯಾಧ ನಕ್ಷತ್ರಪುಂಜ ಮೂಡುವುದಕ್ಕೂ ಲುಬ್ಧಕ ನಕ್ಷತ್ರ ಮೂಡುವುದಕ್ಕೂ ನಡುವಿನ, ನಾವಿಕರು ನಂಬದ ಕಾಲ. ಕಾನ್ಸುಲ್‌ಗಳಿಗೆ ದಾರಿಯ ಕೆಲವು ಊರುಗಳಿಗೆ ತಮ್ಮ ಗೆಲುವನ್ನು ತೋರಿಸಿ ಬೆದರಿಸುವ ಆಸೆ. ಅವರು ಕೇಳಲಿಲ್ಲ. ಕಮಾರಿನಾ ಹತ್ತಿರ ಬಿರುಗಾಳಿ ಬಡಿಯಿತು. ಪಾಲಿಬಿಯಸ್ ಪ್ರಕಾರ 364 ಹಡಗುಗಳಲ್ಲಿ ಉಳಿದದ್ದು 80. ಮನುಷ್ಯರ ಮೇಲೆ ನಡೆಯುವ ಬಲಾತ್ಕಾರ ಗಾಳಿ ನೀರಿನ ಮೇಲೂ ನಡೆಯುತ್ತದೆ ಎಂದು ರೋಮನ್ನರು ಭಾವಿಸುತ್ತಾರೆ ಎಂದು ಆತ ಇಲ್ಲಿ ಕಟುವಾಗಿಯೇ ಟೀಕಿಸುತ್ತಾನೆ.

ಕಾಗೆಯ ಉಲ್ಲೇಖ ಇದಾದ ಮೇಲೆ ಎಲ್ಲೂ ಬರುವುದಿಲ್ಲ. ಮೂತಿಯ ಮೇಲೆ ಅಷ್ಟು ಭಾರ ಹೊತ್ತ ಹಡಗು ಅಲೆಗೆ ಸುಲಭವಾಗಿ ವಾಲುತ್ತದೆ, ಅದಕ್ಕೇ ಕೈಬಿಟ್ಟಿರಬೇಕು ಎಂದು ಹಲವು ಇತಿಹಾಸಕಾರರ ಅಂದಾಜು.

ಮೂರು ತಿಂಗಳಲ್ಲಿ 220 ಹೊಸ ಹಡಗು ಕಟ್ಟಿದರು. 253ರಲ್ಲಿ ಇನ್ನೊಂದು ಬಿರುಗಾಳಿ 150ಕ್ಕೂ ಹೆಚ್ಚು ಹಡಗುಗಳನ್ನು ನುಂಗಿತು. 249ರಲ್ಲಿ ಡ್ರೆಪನಾ ಬಂದರಿನಲ್ಲಿ ಸೋಲು. ಯುದ್ಧಕ್ಕೆ ಮುಂಚೆ ಶಕುನ ನೋಡಲು ಇಟ್ಟಿದ್ದ ಕೋಳಿಗಳು ಕಾಳು ತಿನ್ನಲಿಲ್ಲವೆಂದು, ‘ತಿನ್ನದಿದ್ದರೆ ಕುಡಿಯಲಿ’ ಎಂದು ಕಾನ್ಸುಲ್ ಕ್ಲಾಡಿಯಸ್ ಅವನ್ನು ಸಮುದ್ರಕ್ಕೆ ಎಸೆದ ಕಥೆ ಪ್ರಸಿದ್ಧ. ಕೋಳಿಗಳನ್ನು ಬಿಟ್ಟು ನೋಡಿದರೆ ಕಾರಣ ಸರಳ. ರೋಮನ್ ಹಡಗುಗಳು ದಡಕ್ಕೆ ಬೆನ್ನು ಮಾಡಿ ಸಿಕ್ಕಿಕೊಂಡವು, ಹಿಂದಕ್ಕೆ ಸರಿಯಲು ಜಾಗವಿರಲಿಲ್ಲ, ಥಟ್ಟನೆ ತಿರುಗಿಸುವ ಚಾತುರ್ಯವೂ ಇರಲಿಲ್ಲ. 93 ಹಡಗುಗಳು ಶತ್ರುವಿನ ಪಾಲಾದವು.

ಎರಡನೇ ಮಾದರಿ

ಈ ನಡುವೆ ರೋಮನ್ನರು ಲಿಲಿಬೇಯಮ್ ಬಂದರನ್ನು ಮುತ್ತಿದ್ದರು. ಅದರ ಬಾಯಿಯ ತುಂಬ ಮರಳುದಿಬ್ಬಗಳು. ಅಲ್ಲಿ ಒಬ್ಬ ಕಾರ್ಥೇಜಿನವ, ಹೆಸರು ಮತ್ತೆ ಹ್ಯಾನಿಬಲ್, ರೋಡ್ಸ್‌ನವನು ಎಂಬ ಅಡ್ಡಹೆಸರಿನವನು, ಹಾಡಹಗಲೇ ಮುತ್ತಿಗೆಯ ನಡುವೆ ನುಸುಳಿ ಒಳಹೋಗಿ ಸುದ್ದಿ ಹೊತ್ತು ಹೊರಬರುತ್ತಿದ್ದ. ದಡದ ಗೋಪುರವೊಂದು ಊರಿನ ಗೋಪುರಗಳನ್ನು ಮರೆಮಾಡುವಂತೆ ನೇರ ಹಿಡಿದು ಬಂದರೆ ಆಳವಾದ ದಾರಿ ಸಿಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಕೆಲವೊಮ್ಮೆ ರೋಮನ್ನರ ಎದುರೇ ಹುಟ್ಟು ಎತ್ತಿ ನಿಲ್ಲಿಸಿ ಬನ್ನಿ ಎಂದು ಕೆಣಕುತ್ತಿದ್ದನಂತೆ.

ಕೊನೆಗೆ ಇಂಥದೇ ಇನ್ನೊಂದು ವೇಗದ ಹಡಗು ರೋಮನ್ನರು ಹಾಕಿದ್ದ ಅಡ್ಡಗಟ್ಟೆಗೆ ಸಿಕ್ಕಿಬಿತ್ತು. ಅದಕ್ಕೆ ಆಯ್ದ ಆಳುಗಳನ್ನು ಕೂರಿಸಿ ಬೆನ್ನಟ್ಟಿ ಹ್ಯಾನಿಬಲ್ಲನನ್ನು ಹಿಡಿದರು. ಅವನ ಹಡಗೇ ರೋಮಿನ ಎರಡನೇ ಮಾದರಿ. ಮೊದಲ ಸಲ ಕೈಗೆ ಸಿಕ್ಕಿದ್ದನ್ನು ನಕಲು ಮಾಡಿದ್ದರು. ಈ ಸಲ ಹಡಗಿನಲ್ಲಿ ಯಾವುದು ಒಳ್ಳೆಯದು, ಯಾಕೆ ಒಳ್ಳೆಯದು ಎಂದು ವರ್ಷಗಟ್ಟಲೆ ಸೋತು ತಿಳಿದವರಾಗಿದ್ದರು.

ಖಜಾನೆ ಬರಿದಾಗಿತ್ತು. ಅನುಕೂಲಸ್ಥರು ಒಬ್ಬೊಬ್ಬರೋ, ಇಬ್ಬರು ಮೂವರು ಸೇರಿಯೋ ಒಂದೊಂದು ಹಡಗಿನ ಖರ್ಚು ಹೊತ್ತರು. ಗೆದ್ದರೆ ಹಣ ವಾಪಸು ಎಂಬುದು ಕರಾರು. ಹೀಗೆ 200 ಕ್ವಿಂಕ್ವೆರೀಮ್‌ಗಳು ಸಿದ್ಧವಾದವು. ಕಾನ್ಸುಲ್ ಲುಟೇಶಿಯಸ್ ಕ್ಯಾಟುಲಸ್ ನಾವಿಕರಿಗೆ ದಿನವೂ ನೀರಿನ ಮೇಲೇ ಅಭ್ಯಾಸ ಮಾಡಿಸಿದ.

241ರ ಮಾರ್ಚ್ 10ರಂದು ಸಿಸಿಲಿಯ ಪಶ್ಚಿಮದ ಈಗೇಟ್ಸ್ ದ್ವೀಪಗಳ ಬಳಿ ಎಲ್ಲ ತಿರುಗುಮುರುಗಾಗಿತ್ತು. ಕಾರ್ಥೇಜಿನ ಹಡಗುಗಳಲ್ಲಿ ಸೈನ್ಯಕ್ಕೆ ಒಯ್ಯುವ ಧಾನ್ಯದ ಹೊರೆ, ಆತುರದಲ್ಲಿ ಕೂಡಿಹಾಕಿದ ಹೊಸ ಆಳುಗಳು. ರೋಮನ್ನರ ಹಡಗುಗಳಲ್ಲಿ ಯುದ್ಧಕ್ಕೆ ಬೇಕಾದದ್ದು ಬಿಟ್ಟು ಬೇರೇನಿಲ್ಲ. ಗಾಳಿ ಎದುರಿಗಿತ್ತು, ಅಲೆ ಎದ್ದಿತ್ತು. ಆದರೂ ಶತ್ರು ಹೊರೆ ಇಳಿಸುವ ಮೊದಲೇ ತಡೆಯುವುದು ಮೇಲೆಂದು ಕ್ಯಾಟುಲಸ್ ನಿರ್ಧರಿಸಿದ. 50 ಹಡಗು ಮುಳುಗಿದವು, 70 ಸೆರೆಯಾದವು. ಕಾರ್ಥೇಜ್ ಸಿಸಿಲಿಯನ್ನು ಬಿಟ್ಟುಕೊಟ್ಟು, ಹತ್ತು ವರ್ಷದಲ್ಲಿ 3,200 ಟ್ಯಾಲೆಂಟ್ (ಆ ಕಾಲದ ಒಂದು ತೂಕದ ಅಳತೆ) ಬೆಳ್ಳಿ ತೆರಲು ಒಪ್ಪಿತು.

ಸಮುದ್ರದ ತಳದ ಸಾಕ್ಷ್ಯ

ಈ ಕದನ ನಡೆದ ಜಾಗ ಈಗ ಸಿಕ್ಕಿದೆ. 2004ರಲ್ಲಿ ಟ್ರಾಪಾನಿ ಊರಿನ ದಂತವೈದ್ಯರೊಬ್ಬರ ಬಳಿ ಹಡಗಿನ ಹಳೆಯ ಕಂಚಿನ ಮೂತಿಯೊಂದು ಪತ್ತೆಯಾಯಿತು. ಮೀನುಗಾರರ ಬಲೆಗೆ ಸಿಕ್ಕಿದ್ದದು. ಆಮೇಲೆ ಸಿಸಿಲಿಯ ಸಮುದ್ರ ಪುರಾತತ್ವ ಇಲಾಖೆಯೂ ಆರ್‌ಪಿಎಂ ನಾಟಿಕಲ್ ಫೌಂಡೇಶನ್ನೂ ಸೇರಿ ಸುಮಾರು 80 ಮೀಟರ್ ಆಳದಲ್ಲಿ ಹುಡುಕಿ ಇಪ್ಪತ್ತಕ್ಕೂ ಹೆಚ್ಚು ಮೂತಿಗಳನ್ನು, ಸೈನಿಕರ ಶಿರಸ್ತ್ರಾಣಗಳನ್ನು ಗುರುತಿಸಿವೆ. ಒಂದೇ ನೌಕಾಯುದ್ಧದ ಇಷ್ಟು ಮೂತಿಗಳು ಬೇರೆಲ್ಲೂ ಸಿಕ್ಕಿಲ್ಲ.

ಹಲವು ಮೂತಿಗಳ ಮೇಲೆ ಲ್ಯಾಟಿನ್ ಬರಹವಿದೆ. ‘ಇಂಥವನು ಪರೀಕ್ಷಿಸಿ ಒಪ್ಪಿದ’ ಎಂದು ಕ್ವೆಸ್ಟರ್ ಎಂಬ ಸರ್ಕಾರಿ ಅಧಿಕಾರಿಗಳ ಹೆಸರು ಕಂಚಿನಲ್ಲೇ ಎರಕವಾಗಿದೆ. ಗುತ್ತಿಗೆ ಕೊಟ್ಟು, ಮಾಲು ನೋಡಿ, ಸರಿ ಇದ್ದರೆ ಮುದ್ರೆ ಹಾಕುವ ಕಚೇರಿಯ ಕ್ರಮ ಆಗಲೇ ಇತ್ತು ಎಂದರ್ಥ. ರೋಮ್ ಸೋತ ಪ್ರತಿ ಸಲವೂ ನೂರಾರು ಹಡಗು ಮತ್ತೆ ಎದ್ದು ನಿಂತದ್ದರಲ್ಲಿ ಬಡಗಿಗಳ ಪಾಲಿನಷ್ಟೇ ಈ ಗುಮಾಸ್ತಗಿರಿಯ ಪಾಲೂ ಇದೆ ಎಂದು ನನಗನಿಸುತ್ತದೆ.

ಒಂದು ತೊಡಕೂ ಎದ್ದಿದೆ. ಸಿಕ್ಕಿರುವ ಹೆಚ್ಚಿನ ಮೂತಿಗಳು ಕ್ವಿಂಕ್ವೆರೀಮ್‌ಗೆ ಚಿಕ್ಕವಾಗುತ್ತವೆ, ಟ್ರೈರೀಮ್ ಗಾತ್ರಕ್ಕೆ ಸರಿಹೋಗುತ್ತವೆ. ಪಾಲಿಬಿಯಸ್ ಹೇಳಿದ ಪಡೆಯಲ್ಲಿ ಚಿಕ್ಕ ಹಡಗುಗಳೂ ಬಹಳ ಇದ್ದವೇ? ಮುಳುಗಿದ್ದು ಹೆಚ್ಚಾಗಿ ಕಾರ್ಥೇಜಿನ ಕಡೆಯವು, ಆದರೆ ಮೂತಿಗಳ ಮೇಲಿರುವುದು ರೋಮನ್ ಹೆಸರುಗಳು. ಡ್ರೆಪನಾದಲ್ಲಿ ಸೆರೆ ಹಿಡಿದ 93 ಹಡಗುಗಳನ್ನೇ ಕಾರ್ಥೇಜ್ ಎಂಟು ವರ್ಷದ ನಂತರ ಇಲ್ಲಿಗೆ ತಂದಿತ್ತು ಎಂಬುದು ಸಂಶೋಧಕರು ಮುಂದಿಟ್ಟಿರುವ ಒಂದು ವಿವರಣೆ. ಹಾಗಿದ್ದರೆ ಕಾರ್ಥೇಜನ್ನು ನೋಡಿ ಕಲಿತು ರೋಮ್ ಕಟ್ಟಿದ ಹಡಗುಗಳನ್ನೇ ಕೊನೆಯ ಕದನದಲ್ಲಿ ಕಾರ್ಥೇಜಿನವರು ನಡೆಸುತ್ತಿದ್ದರು.